ಕೈ ಇಲ್ಲಿ, ತಲೆ ಇನ್ನೆಲ್ಲೋ: ಏನು ಮಾಡುತ್ತೀರಿ?

ಅರ್ಧಕಿವಿ ಬರೆದದ್ದು:

ಮೊನ್ನೆ ರಾತ್ರಿ ಮಗಳ ತಲೆ ಬಾಚುತ್ತಿದ್ದೆ. ಅವಳು ಏನೋ ಹೇಳುತ್ತಲೇ ಇದ್ದಳು, ನಾನು ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸುಮ್ಮನಾದಳು. "ಅಮ್ಮಾ, ನಾನೀಗ ಏನ್ ಹೇಳ್ದೆ ಹೇಳು" ಅಂದಳು. ಒಂದು ಪದವೂ ನೆನಪಿರಲಿಲ್ಲ. ತಲೆ ತುಂಬಾ ಮಾರನೇ ದಿನದ ಮೀಟಿಂಗು. ತಮಾಷೆ ಅಂದರೆ, ಮಾರನೇ ದಿನ ಮೀಟಿಂಗಿನಲ್ಲಿ ಕೂತಾಗ ತಲೆ ತುಂಬಾ ಅವಳ ಮುಖ!

"ಈ ಕ್ಷಣದಲ್ಲಿ ಬದುಕಿ" ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಯಾರೂ ಹೇಳುವುದಿಲ್ಲ. ಫೋನಿನಲ್ಲಿ ಧ್ಯಾನದ ಆ್ಯಪ್ ಹಾಕಿಕೊಂಡೆ. ಕಣ್ಣು ಮುಚ್ಚಿ ಉಸಿರು ಎಣಿಸಿದರೆ ಎಂಟಕ್ಕೆ ಬರುವಷ್ಟರಲ್ಲಿ ಬಾಕಿ ಕೆಲಸದ ಪಟ್ಟಿ ಶುರು. ಅದಕ್ಕೇ ಅಂತ ಬೇರೆ ಸಮಯವೂ ನನ್ನ ಹತ್ತಿರ ಇಲ್ಲ. ದಿನಾ ಮಾಡುವ ಕೆಲಸದಲ್ಲೇ, ನೋಡುವ ರೀತಿ ಸ್ವಲ್ಪ ಬದಲಾಯಿಸಿಕೊಂಡು ದಾರಿ ಕಂಡವರು ಯಾರಾದರೂ ಇದ್ದೀರಾ? ಉಪದೇಶ ಬೇಡ, ದಯವಿಟ್ಟು.

ಕಿಟಕಿ ಸೀಟು:

ಮೊದಲು ಸಮಾಧಾನ ಮಾಡಿಕೊಳ್ಳಿ, ನೀವೊಬ್ಬರೇ ಅಲ್ಲ. 2010ರಲ್ಲಿ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ ಎಂಬ ಹಾರ್ವರ್ಡ್ ಸಂಶೋಧಕರು 2,250 ಜನರಿಗೆ ಫೋನಿನ ಮೂಲಕ ಯಾವ್ಯಾವುದೋ ಹೊತ್ತಿನಲ್ಲಿ "ಈಗ ಏನು ಮಾಡುತ್ತಿದ್ದೀರಿ, ಏನು ಯೋಚಿಸುತ್ತಿದ್ದೀರಿ" ಅಂತ ಕೇಳಿದ್ದರು. ಸುಮಾರು 47% ಸಲ ಕೈ ಒಂದು ಕಡೆ, ತಲೆ ಇನ್ನೊಂದು ಕಡೆ. ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಖುಷಿಯ ಯೋಚನೆಯಲ್ಲಿ ಮುಳುಗಿದ್ದವರೂ, ಕೈಲಿರುವ ಕೆಲಸದಲ್ಲೇ ಇದ್ದವರಿಗಿಂತ ಜಾಸ್ತಿ ಖುಷಿಯಾಗಿ ಇರಲಿಲ್ಲವಂತೆ. ಪರಿಹಾರ ಮಾತ್ರ ನನ್ನ ಹತ್ತಿರ ಇಲ್ಲ. ಇದನ್ನು ಬರೆಯುತ್ತಿರುವುದೂ ಆಫೀಸಿನ ಕೆಲಸದ ನಡುವೆಯೇ.

ಹಳೇ ಪ್ರೂಫು:

ನಾನು 31 ವರ್ಷ ಪ್ರೂಫ್ ನೋಡಿದವನು, ಅಂದರೆ ಅಚ್ಚಿಗೆ ಹೋಗುವ ಮೊದಲು ಪುಟದಲ್ಲಿ ತಪ್ಪು ಹುಡುಕುವವನು. ಉಪದೇಶ ಬರುವುದಿಲ್ಲ, ಕಸುಬಿನ ಮಾತು ಹೇಳುತ್ತೇನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪುಟ ನನ್ನ ಕೈಯಿಂದ ಹೋಯಿತು. ಒಳಗಿನ ಸಣ್ಣ ಅಕ್ಷರದಲ್ಲಿ ಕಾಮಾ ಕೂಡ ಬಿಟ್ಟಿರಲಿಲ್ಲ. ಬೆಳಗ್ಗೆ ನೋಡಿದರೆ ತಲೆಬರಹದಲ್ಲೇ, ಅಂಗೈಯಷ್ಟು ದಪ್ಪ ಅಕ್ಷರದಲ್ಲಿ, "ಪ್ರಶಸ್ತಿ ಪ್ರಧಾನ"! ಪ್ರದಾನಕ್ಕೆ ಮಹಾಪ್ರಾಣ ಬಂದು ಕೂತಿತ್ತು. ನನ್ನ ನಂತರ ಇನ್ನೂ ಮೂವರು ನೋಡಿದ್ದರು, ಯಾರಿಗೂ ಕಂಡಿರಲಿಲ್ಲ. ಯಾಕೆ ಗೊತ್ತಾ? ಅಲ್ಲಿ ಏನಿರುತ್ತದೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತು. ನಾವು ಹಾಳೆಯನ್ನು ಓದಲಿಲ್ಲ, ನಮ್ಮ ತಲೆಯಲ್ಲಿದ್ದದ್ದನ್ನು ಓದಿಕೊಂಡೆವು.

ನನ್ನ ಹಿರಿಯರು ಬೈಯಲಿಲ್ಲ. ಒಂದು ಸ್ಕೇಲ್ ಕೊಟ್ಟರು. "ಸಾಲಿನ ಕೆಳಗೆ ಇಟ್ಕೊ, ಮುಂದಿನದು ಕಾಣಬಾರದು. ತಲೆಬರಹ ಆದ್ರೆ ಕೊನೇ ಪದದಿಂದ ಹಿಂದಕ್ಕೆ ಓದು. ಅರ್ಥ ಹೋಗುತ್ತೆ, ಅಕ್ಷರ ಕಾಣುತ್ತೆ" ಅಂದರು.

ಇದನ್ನು ಮನೆಗೂ ತರಬಹುದು ಅಂತ ನಿವೃತ್ತಿ ಆಗುವವರೆಗೂ ಹೊಳೆಯಲಿಲ್ಲ. ಹೊಳೆಸಿದವಳು ನನ್ನ ಹೆಂಡತಿ. ಒಂದು ದಿನ ಮಂಡಿ ನೋವು ಅಂದಳು. "ಮಾತ್ರೆ ತಗೊ" ಅಂದೆ, ಪೇಪರಿನಿಂದ ಕಣ್ಣು ತೆಗೆಯದೆ. "ನನ್ನ ಮಾತನ್ನೂ ತಲೆಬರಹದ ಥರಾನೇ ಓದ್ತೀರಿ" ಅಂದಳು. ಅವತ್ತು ನೋವು ಇನ್ನೊಂದು ಕಾಲಿನದಾಗಿತ್ತು.

ಈಗ ಪಾತ್ರೆ ತೊಳೆಯುವುದು ನಾನೇ. ತೊಳೆಯುವಾಗ "ಗಮನ ಕೊಡಬೇಕು" ಅಂತೇನೂ ಹಟ ಹಿಡಿಯುವುದಿಲ್ಲ. ಇಷ್ಟು ದಿನ ಕಣ್ಣಿಗೆ ಬೀಳದ ಒಂದೇ ಒಂದು ವಿಷಯ ಹುಡುಕುತ್ತೇನೆ, ಅಷ್ಟೇ. ಮೊದಲ ವಾರವೇ ನಾನು ದಿನಾ ನೀರು ಕುಡಿಯುವ ಲೋಟದಲ್ಲಿ ಒಂದು ತಗ್ಗು ಸಿಕ್ಕಿತು. ಅಂಚಿನ ಸ್ವಲ್ಪ ಕೆಳಗೆ, ಹೆಬ್ಬೆರಳು ಕೂರುವಷ್ಟು. ಯಾವಾಗಲೋ ಬಿದ್ದು ಆದದ್ದು. ನಾನು ಲೋಟ ಎತ್ತಿದಾಗೆಲ್ಲ ಹೆಬ್ಬೆರಳು ನೇರ ಅಲ್ಲೇ ಹೋಗಿ ಕೂರುತ್ತಿತ್ತು. ಬೆರಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಎಲೆನ್ ಲ್ಯಾಂಗರ್ ಎಂಬ ಮನೋವಿಜ್ಞಾನಿ ದಶಕಗಳಿಂದ ಇದನ್ನೇ ಹೇಳುತ್ತಾ ಬಂದಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಧ್ಯಾನ ಮಾಡಲೇಬೇಕು ಅಂತಿಲ್ಲ, ಎದುರಿಗಿರುವುದರಲ್ಲಿ ಹೊಸದನ್ನು ಗುರುತಿಸುತ್ತಾ ಹೋದರೆ ತಾನಾಗಿ ಇಲ್ಲಿಗೆ ಬರುತ್ತೀರಿ ಅನ್ನುವುದು ಅವರ ವಾದ. ನಾನು ಅವರನ್ನು ಓದಿ ಕಲಿತದ್ದಲ್ಲ, ಪ್ರಧಾನದಿಂದ ಕಲಿತದ್ದು.

ಒಂದು ಎಚ್ಚರಿಕೆ. ಕಣ್ಣು ದಣಿಯುತ್ತದೆ. ಬಿಡುವಿಲ್ಲದೆ ಪ್ರೂಫ್ ನೋಡಿದರೆ ಎಂಥವರಿಗೂ ತಪ್ಪು ಜಾರುತ್ತದೆ. ದಿನಕ್ಕೆ ಒಂದು ಕೆಲಸ ಹೀಗೆ ಮಾಡಿದರೆ ಧಾರಾಳ ಆಯಿತು. ಮಿಕ್ಕದ್ದಕ್ಕೆ ಮನಸ್ಸು ಎಲ್ಲಿ ಬೇಕಾದರೂ ಅಲೆಯಲಿ ಬಿಡಿ.

ಚೀಟಿ ಅಂಟಿಸುವವಳು:

ಪ್ರೂಫ್ ಸರ್ ಹೇಳಿದ್ದು ಚೆನ್ನಾಗಿದೆ. ಆದರೆ ನಿವೃತ್ತರಿಗೆ ಸುಲಭ ಅಲ್ವಾ? ನಾಳೆಯ ಮೀಟಿಂಗ್ ನಾಳೆ ಇದ್ದೇ ಇರುತ್ತದೆ. ಲೋಟದ ತಗ್ಗು ನೋಡಿದರೆ ಅದು ಹೋಗುವುದಿಲ್ಲ.

ನಾನು ಮಾಡುವುದು ಇಷ್ಟು. ಮನೆಯವರ ಜೊತೆ ಕೂರುವ ಮೊದಲು ಒಂದು ಚೀಟಿ ಬರೆದು ಬ್ಯಾಗಿಗೆ ಅಂಟಿಸುತ್ತೇನೆ. ಬರೀ "ಮೀಟಿಂಗ್" ಅಂತ ಬರೆದರೆ ಉಪಯೋಗ ಇಲ್ಲ. "ಬೆಳಗ್ಗೆ ಒಂಬತ್ತಕ್ಕೆ, ಮೊದಲು ಖರ್ಚಿನ ಪುಟ" ಅಂತ ಬರೆಯಬೇಕು. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಬಾಕಿ ಕೆಲಸ ತಲೆಯೊಳಗೆ ನುಗ್ಗುತ್ತಲೇ ಇರುತ್ತದೆ. ಕೆಲಸ ಮುಗಿಯದಿದ್ದರೂ, ಯಾವಾಗ ಹೇಗೆ ಮಾಡುತ್ತೇವೆ ಅಂತ ಖಚಿತ ಮಾಡಿಕೊಂಡರೆ ಆ ಕಾಟ ಇಳಿಯುತ್ತದೆ.

ಹಳೇ ಪ್ರೂಫು:

ಒಪ್ಪಿದೆ ಮೇಡಂ. ನಿಮ್ಮ ಚೀಟಿ ಅಂದರೆ ನಮ್ಮ ಸ್ಕೇಲೇ. ಮುಂದಿನ ಸಾಲು ಮುಚ್ಚುತ್ತದೆ.

ಅರ್ಧಕಿವಿ:

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಮೊದಲ ದಿನ ಚೀಟಿ ಬರೆಯುವುದೇ ಮರೆತುಹೋಯಿತು. ಎರಡನೇ ದಿನ ಬರೆದು, ಬಾಚಣಿಗೆ ಹಿಡಿದು ಕೂತೆ. ಹೊಸದೇನು ಸಿಗುತ್ತದೆ, ಎಂಟು ವರ್ಷದಿಂದ ನೋಡಿದ ತಲೆ ಅಂದುಕೊಂಡೆ.

ನೆತ್ತಿಯ ಮೇಲೆ ಎರಡು ಸುಳಿ ಇವೆ! ಒಂದು ಬಲಕ್ಕೆ ಸುತ್ತಿದೆ, ಇನ್ನೊಂದು ಎಡಕ್ಕೆ. ಬೈತಲೆ ತೆಗೆದಾಗೆಲ್ಲ ಸೊಟ್ಟ ಆಗುತ್ತಿದ್ದದ್ದು ಅದಕ್ಕೇ. ಇಷ್ಟು ವರ್ಷ "ಅಲುಗಾಡಬೇಡ" ಅಂತ ಅವಳನ್ನೇ ಗದರಿಸುತ್ತಿದ್ದೆ.

ಅವಳಿಗೆ ಎರಡು ಕನ್ನಡಿ ಹಿಡಿದು ತೋರಿಸಿದೆ. ಬೆರಳಿಟ್ಟು ಮುಟ್ಟಿ ಮುಟ್ಟಿ ನೋಡಿಕೊಂಡಳು. ಆಮೇಲೆ ಕೇಳಿದೆ, ಅವತ್ತು ರಾತ್ರಿ ಏನು ಹೇಳುತ್ತಿದ್ದೆ ಅಂತ.

"ನಂಗೂ ಮರ್ತೋಯ್ತು" ಅಂದಳು.