ಟೆನ್‌ಪಿನ್ ಬೌಲಿಂಗ್ ಲೀಗ್ ಮಧ್ಯೆ ಬಾಲ್‌ಗೆ ಕ್ಲೀನರ್ ಹಾಕಬಹುದಾ? ಬಾಟಲಿ ಮೇಲೆ ಒಪ್ಪಿಗೆ ಇದೆ ಅಂತ ಬರೆದಿದೆ

ಗಟರ್‌ಗೌಡ:
ನಮಸ್ಕಾರ. ನ್ಯೂಜೆರ್ಸಿಯಲ್ಲಿ ಬುಧವಾರದ ಲೀಗ್ ಆಡುತ್ತೇನೆ. ಯುಎಸ್‌ಬಿಸಿ (ಅಮೆರಿಕದಲ್ಲಿ ಬೌಲಿಂಗ್ ನಿಯಮ ಮಾಡುವ ಸಂಸ್ಥೆ) ಮಾನ್ಯತೆ ಇರುವ ಲೀಗ್. ಬಲಗೈ, 15 ಪೌಂಡಿನ ರಿಯಾಕ್ಟಿವ್ ಬಾಲ್ (ಎಣ್ಣೆ ಹೀರಿಕೊಳ್ಳುವ ರಾಳದ ಹೊದಿಕೆ ಇರುವುದು). ಮೊದಲ ಎರಡು ಗೇಮ್ ಚೆನ್ನಾಗಿಯೇ ಹೋಗುತ್ತವೆ. ಮೂರನೆಯದರಲ್ಲಿ ಬಾಲ್‌ಗೆ ದಮ್ಮೇ ಇರುವುದಿಲ್ಲ, ಬಲ ಮೂಲೆಯ 10ನೇ ಪಿನ್ ನಿಂತುಕೊಂಡು ಅಣಕಿಸುತ್ತದೆ. ಲೇನ್ (ಬಾಲ್ ಉರುಳಿಸುವ ಹಾದಿ) ಮೇಲೆ ಹಾಕಿರುವ ಎಣ್ಣೆಯನ್ನು ಬಾಲ್ ಕುಡಿದಿದೆ ಅಂದುಕೊಂಡು ಕ್ಲೀನರ್ ಹೊರಗೆ ತೆಗೆದರೆ, ಎದುರು ಟೀಮಿನವರು ತಡೆದರು. ಬಾಟಲಿ ಮೇಲೆ ಆಟದ ಮಧ್ಯೆಯೂ ಬಳಸಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಯಾರದ್ದು ಸರಿ?

ಎಣ್ಣೆಗಾಣ:
ಅವರದ್ದೇ ಸರಿ, ಗೌಡ್ರೇ. ನಿಮ್ಮ ಬಾಟಲಿ ಹಳೇದು. ಮುಂಚೆ ಕ್ಲೀನರ್‌ಗಳಲ್ಲಿ ಎರಡು ಪಂಗಡ ಇದ್ದವು: ಆಟದ ಮಧ್ಯೆಯೂ ಹಾಕಬಹುದಾದವು, ಆಟಕ್ಕೆ ಮುಂಚೆ ಅಥವಾ ಆಮೇಲೆ ಮಾತ್ರ ಹಾಕಬೇಕಾದವು. 2019ರ ಆಗಸ್ಟ್ 1ರಿಂದ ಮೊದಲನೆಯ ಪಂಗಡವನ್ನೇ ಯುಎಸ್‌ಬಿಸಿಯವರು ತೆಗೆದುಹಾಕಿದರು. ಈಗ ಆಟ ಶುರುವಾದ ಮೇಲೆ ಒಣ ಟವೆಲ್ ಒಂದೇ. ಸುಮ್ನೆ ನೀರಲ್ಲಿ ಒದ್ದೆ ಮಾಡಿದ ಬಟ್ಟೆಯೂ ನಡೆಯುವುದಿಲ್ಲ. ಎರಡು ಗೇಮ್‌ಗಳ ನಡುವಿನ ಬಿಡುವೂ ಆಟದ ಹೊತ್ತೇ.

ಟೆನ್‌ಪಿನ್ ತಿಮ್ಮ:
ಕೆಮಿಕಲ್ ಅಂದರೆ ನಿಯಮ ಮಾಡುವವರು ಬೆಚ್ಚಿಬೀಳುವುದಕ್ಕೆ ಕಾರಣ ಇದೆ. 1973ರಲ್ಲಿ ಅಮೆರಿಕದ ವೃತ್ತಿಪರ ಬೌಲರ್ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಬಾಲ್ ಅನ್ನು ಮೀಥೈಲ್ ಈಥೈಲ್ ಕೀಟೋನ್‌ನಲ್ಲಿ ನೆನೆಸಿ, ಲೇನ್ ಮೇಲೆ ಹೆಚ್ಚು ಹಿಡಿತ ಸಿಗುವ ಹಾಗೆ ಮೆತ್ತಗೆ ಮಾಡಿಕೊಂಡು ಆಡಿದರು. ಆ ವರ್ಷ ಪಿಬಿಎಯ (ವೃತ್ತಿಪರ ಬೌಲರ್‌ಗಳ ಸಂಘ) ವರ್ಷದ ಆಟಗಾರ ಅವರೇ. ಬೆಂಕಿ ತಗುಲಿದರೆ ಭಗ್ ಅನ್ನುವ ದ್ರಾವಣ ಅದು. ಬಾಲ್ ಇಷ್ಟಾದರೂ ಗಟ್ಟಿ ಇರಲೇಬೇಕು ಅನ್ನುವ ನಿಯಮ ಬಂದಿದ್ದು ಆಮೇಲೆ.

ಎಣ್ಣೆಗಾಣ:
ಹೌದು ತಿಮ್ಮಣ್ಣ. ಆದರೆ ಗೌಡ್ರ ಸಮಸ್ಯೆಗೆ ಕ್ಲೀನರ್ ಔಷಧಿಯೇ ಅಲ್ಲ ಅಂತ ನನ್ನ ಗುಮಾನಿ. ಗೌಡ್ರೇ, ಮೂರನೇ ಗೇಮ್‌ನಲ್ಲಿ ಬಾಲ್ ಜಾರಿಕೊಂಡು ಹೋಗಿ ತಡವಾಗಿ ತಿರುಗುತ್ತದಾ? ಅಥವಾ ಬೇಗ ತಿರುಗಿ ಪಿನ್ ಹತ್ತಿರ ಸುಸ್ತಾಗುತ್ತದಾ?

ಗಟರ್‌ಗೌಡ:
ಬೇಗ ತಿರುಗುತ್ತದೆ. ಲೇನ್ ಮೇಲಿನ ಬಾಣದ ಗುರುತು ದಾಟಿದ ಸ್ವಲ್ಪ ಹೊತ್ತಿಗೇ ವಾಲಲು ಶುರು. ಪಿನ್‌ಗೆ ಹೊಡೆಯುವಾಗ ಸಪ್ಪೆ.

ಎಣ್ಣೆಗಾಣ:
ಸಿಕ್ಕಿತು ನೋಡಿ. ಬಾಲ್ ಎಣ್ಣೆ ಕುಡಿದಿದ್ದರೆ ಉಲ್ಟಾ ಆಗಬೇಕಿತ್ತು, ಜಾರುತ್ತಾ ದೂರ ಹೋಗಬೇಕಿತ್ತು. ನಿಮ್ಮದರಲ್ಲಿ ಎಣ್ಣೆ ಕಮ್ಮಿ ಆಗಿರುವುದು ಲೇನ್ ಮೇಲೆ. ಸಾಮಾನ್ಯವಾಗಿ ಫೌಲ್ ಲೈನ್‌ನಿಂದ (ಎಸೆಯುವವರು ದಾಟಬಾರದ ಗೆರೆ) ಸುಮಾರು 40 ಅಡಿವರೆಗೆ ಎಣ್ಣೆ ಹಾಕಿರುತ್ತಾರೆ, ಒಂದನೇ ಪಿನ್ ಇರುವುದು 60 ಅಡಿಗೆ. ಎರಡು ಗೇಮ್ ಎಲ್ಲರೂ ಒಂದೇ ದಾರಿಯಲ್ಲಿ ಉರುಳಿಸಿದರೆ ಅಲ್ಲಿನ ಎಣ್ಣೆಯೆಲ್ಲ ಬಾಲ್‌ಗಳ ಜೊತೆ ಹೋಗುತ್ತದೆ. ಬಾಲ್ ಅಲ್ಲೇ ಹಿಡಿತ ಸಿಕ್ಕಿ ಶಕ್ತಿ ಕಳೆದುಕೊಳ್ಳುತ್ತದೆ. ಇದರ ಮೇಲೆ ಕ್ಲೀನರ್ ಹಾಕಿ ಫಳಫಳ ಮಾಡಿದ್ದರೆ ಇನ್ನೂ ಬೇಗ ತಿರುಗುತ್ತಿತ್ತು! ತಡೆದವರು ನಿಮಗೆ ಉಪಕಾರವೇ ಮಾಡಿದ್ದಾರೆ.

ಕಾಲನ್ನು ಎಡಕ್ಕೆ 3 ಬೋರ್ಡ್ (ನೆಲದ ಉದ್ದುದ್ದ ಪಟ್ಟಿಗಳು) ಸರಿಸಿ, ಗುರಿಯನ್ನು 2 ಬೋರ್ಡ್. ಎಣ್ಣೆ ಇನ್ನೂ ಉಳಿದಿರುವ ಕಡೆಯಿಂದ ಬಿಡಿ. ಸಾಲದಿದ್ದರೆ ಮತ್ತೆ ಅಷ್ಟೇ ಸರಿಯಿರಿ.

ಟವೆಲ್ ಮಾತ್ರ ಪ್ರತಿ ಎಸೆತಕ್ಕೂ ಬೇಕು. ಬಾಲ್ ವಾಪಸ್ ಬಂದ ತಕ್ಷಣ ಬೆಳಕಿಗೆ ಹಿಡಿದು ನೋಡಿ: ಎಣ್ಣೆಯ ಗೆರೆಗಳು ಒಂದರ ಪಕ್ಕ ಒಂದು ಬಳೆಯ ಹಾಗೆ ಕಾಣುತ್ತವೆ. ಆ ಬಳೆಗಳನ್ನು ಪೂರ್ತಿ ಸುತ್ತಿ ಒರೆಸಿ. ತಡ ಮಾಡಿದರೆ ರಿಯಾಕ್ಟಿವ್ ಬಾಲ್ ಒಳಕ್ಕೆ ಎಳೆದುಕೊಳ್ಳುತ್ತದೆ. ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು, ಆದರೆ ಎಣ್ಣೆ ಹಿಡಿದ ಮಗ್ಗುಲಲ್ಲೇ ಮತ್ತೆ ಮತ್ತೆ ಒರೆಸಬೇಡಿ.

ಸ್ಪೇರ್ ಸರೋಜಾ:
ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ಬಾಲ್ ಮೈ ಉಜ್ಜುವ ಸ್ಯಾಂಡಿಂಗ್ ಪ್ಯಾಡ್ (ಉಪ್ಪುಕಾಗದದಂಥದ್ದು) ಒಣಗಿಯೇ ಇರುತ್ತದಲ್ವಾ? ಗೇಮ್‌ಗಳ ನಡುವೆ ಒಂದು ಸಲ ಉಜ್ಜಬಹುದಾ?

ಟೆನ್‌ಪಿನ್ ತಿಮ್ಮ:
ಬೇಡವೇ ಬೇಡ, ಮೇಡಂ. ಉಜ್ಜಿ ಮೇಲ್ಮೈ ಬದಲಿಸುವುದಕ್ಕೆ ಬೇರೆಯದೇ ನಿಷೇಧ ಇದೆ. ಹಾಗೆ ಮಾಡಿದ ಬಾಲ್ ಅನ್ನು ಆಟದಿಂದ ತೆಗೆಸುತ್ತಾರೆ. ಪ್ರಾಕ್ಟೀಸ್ ಹೊತ್ತಿನಲ್ಲೇ ಉಜ್ಜಿ ಮುಗಿಸಿ.

ಗಟರ್‌ಗೌಡ:
ಈ ವಾರ ಎಡಕ್ಕೆ ಸರಿದು ನೋಡಿದೆ. 10ನೇ ಪಿನ್ ಬೀಳುತ್ತಿದೆ! ಹಾಗಾದರೆ ಆ ಬಾಟಲಿ ಬಿಸಾಡಲಾ?

ಎಣ್ಣೆಗಾಣ:
ಯಾಕೆ ಬಿಸಾಡುತ್ತೀರಿ? ಕೊನೇ ಗೇಮ್ ಮುಗಿದ ತಕ್ಷಣ, ಬಾಲ್ ಇನ್ನೂ ಬೆಚ್ಚಗಿರುವಾಗ ಹಾಕಿ ಒರೆಸಿ. ಅಂಗಡಿಯಲ್ಲಿ ಹೊಸದು ಕೊಳ್ಳುವುದಕ್ಕೆ ಅವಸರವೇನಿಲ್ಲ.