ಒಂದೇ ಕನಸು ಪದೇ ಪದೇ ಬರ್ತಿದೆ, ಶಾಮನಿಕ್ ಡ್ಯಾನ್ಸ್ ವರ್ಕ್‌ಶಾಪ್‌ಗೆ ಹೋಗ್ಲಾ?

ನಿದ್ದೆಗೆಟ್ಟವಳು:
ಅಮ್ಮ ಹೋಗಿ ಒಂದು ವರ್ಷದ ಮೇಲಾಯ್ತು. ಆವಾಗಿಂದ ವಾರಕ್ಕೆ ಎರಡ್ಮೂರು ಸಲ ಅದೇ ಕನಸು, ಅಜ್ಜಿ ಮನೆ ಹಿತ್ತಿಲ ಬಾವಿ, ಒಳಗಿಂದ ಯಾರೋ ನನ್ನ ಮನೆ ಹೆಸರು ಹಿಡಿದು ಕರೀತಾರೆ, ಬಗ್ಗಿ ನೋಡಿದ್ರೆ ನೀರೇ ಇಲ್ಲ, ಅಷ್ಟೊತ್ತಿಗೆ ಎಚ್ಚರ. ಟೈಮ್ ನೋಡಿದ್ರೆ ಮೂರೂವರೆ, ನಾಲ್ಕು. ಆಮೇಲೆ ನಿದ್ದೆ ಇಲ್ಲ, ಬೆಳಿಗ್ಗೆ ಮೀಟಿಂಗಲ್ಲಿ ಆಕಳಿಸ್ತಾ ಕೂರೋದು.

ಆಫೀಸಲ್ಲಿ ಒಬ್ರು ಬೆಂಗಳೂರು ಹೊರಗಡೆ ನಡೆಯೋ ವೀಕೆಂಡ್ ವರ್ಕ್‌ಶಾಪ್ ಬಗ್ಗೆ ಹೇಳಿದ್ರು. ಕಣ್ಣು ಮುಚ್ಕೊಂಡು ಮಲಗಬೇಕಂತೆ, ಡ್ರಮ್ ಬಾರಿಸ್ತಾರಂತೆ, ಕನಸೊಳಕ್ಕೆ ವಾಪಸ್ ಹೋಗಿ ಆಮೇಲೆ ಎದ್ದು ಆ ಕನಸನ್ನೇ ಕುಣೀಬೇಕಂತೆ. ಎರಡು ದಿನಕ್ಕೆ 14 ಸಾವಿರ. ವಿಡಿಯೋದಲ್ಲಿ ಜನ ಬಿದ್ದು ಹೊರಳಾಡಿ ಅಳ್ತಿದ್ರು. ನಮ್ಮೆಜಮಾನ್ರು ನೋಡಿ, ಇದು ಮೈಮೇಲೆ ದೇವ್ರು ಬರೋದಲ್ವಾ, ನಮ್ಮೂರಲ್ಲಿ ಫ್ರೀ ಅಂದ್ರು. ನಕ್ಕೆ, ಆದ್ರೆ ನಿಜವಾಗ್ಲೂ ಎರಡೂ ಒಂದೇನಾ? ಯಾರಾದ್ರೂ ಹೋಗಿದೀರಾ?

ಸುಮ್ನೆ ಓದೋನು:
ನಾನು ಹೋಗಿದ್ದೆ, ಬೇರೆ ಕಡೆ, ಡಿವೋರ್ಸ್ ಆದ ವರ್ಷ. ಶಾಮನ್ (ಡ್ರಮ್ ಬಡಿತಕ್ಕೆ ಮೈಮರೆತು ಆತ್ಮಗಳ ಜೊತೆ ಮಾತಾಡೋ ಪೂಜಾರಿ-ವೈದ್ಯ) ಅನ್ನೋ ಪದ ಸೈಬೀರಿಯಾದ ಎವೆಂಕಿ ಜನರ ಭಾಷೇದು, ಆದ್ರೆ ಈ ಥರ ವರ್ಕ್‌ಶಾಪ್‌ಗಳಲ್ಲಿ ಕಲಿಸೋದು ಬಹುಪಾಲು ಮೈಕಲ್ ಹಾರ್ನರ್ ಅನ್ನೋ ಅಮೆರಿಕದ ಮಾನವಶಾಸ್ತ್ರಜ್ಞ ಬೇರೆ ಬೇರೆ ಬುಡಕಟ್ಟುಗಳಿಂದ ಸಾಮಾನ್ಯ ಅನ್ಸಿದ್ದನ್ನ ಮಾತ್ರ ಆರಿಸಿ ಜೋಡಿಸಿದ್ದು. ಸೆಕೆಂಡಿಗೆ ನಾಲ್ಕರಿಂದ ಏಳು ಪೆಟ್ಟು, ಒಂದೇ ಸಮ, ಹದಿನೈದು ನಿಮಿಷ. ಏನೂ ಆಗಲ್ಲ ಅನ್ಕೊಂಡು ಮಲಗಿದ್ದೆ, ನಮ್ಮಪ್ಪನ ಹಳೇ ಲೂನಾ ಕಾಣಿಸ್ತು, ಕುಣಿಯೋಕೆ ಎದ್ದಾಗ ಗೊಳೋ ಅಂತ ಅತ್ತೆ. ಸುಳ್ಳಲ್ಲ, ಹತ್ತು ದಿನ ಹಗುರ ಇತ್ತು. ಆಮೇಲೆ ಎಲ್ಲಾ ವಾಪಸ್ ಬಂತು, ವಾಟ್ಸಾಪ್ ಗ್ರೂಪಲ್ಲಿ ಕೇಳಿದ್ರೆ ಲೆವೆಲ್ ಟೂ ಮಾಡಿ ಅಂದ್ರು.

ಕಾರ್ಕಳದವ:
ನಿಮ್ಮ ಯಜಮಾನ್ರು ಹೇಳಿದ್ದು ತಮಾಷೆ ಅಲ್ಲ. ನಮ್ಮ ತುಳುನಾಡಿನಲ್ಲಿ ಸಿರಿ ಅನ್ನುವ ಹೆಣ್ಣು ದೈವದ ಹೆಸರಲ್ಲಿ ಸಿರಿ ಜಾತ್ರೆ ಉಂಟು, ನಂದಳಿಕೆ, ಹಿರಿಯಡ್ಕ, ಕವತ್ತಾರು ಈ ಕಡೆ, ಬೇಸಿಗೆಯ ಹುಣ್ಣಿಮೆಗಳಲ್ಲಿ ರಾತ್ರಿ. ನನ್ನ ದೊಡ್ಡಮ್ಮ 30 ವರ್ಷದಿಂದ ಹೋಗ್ತಾರೆ. ಮದುವೆ ಆದ ಮೇಲೆ ಅವರಿಗೆ ಕನಸಲ್ಲಿ ಯಾರೋ ಕೂದಲು ಎಳೆಯುದು, ಹಗಲೆಲ್ಲ ಮಾತಿಲ್ಲ. ಜಾತ್ರೆಯಲ್ಲಿ ಬಿಳಿ ಸೀರೆ ಉಟ್ಟು ಕೈಯಲ್ಲಿ ಹಿಂಗಾರ (ಅಡಿಕೆ ಹೂ) ಹಿಡಿದು ನಿಲ್ಲುದು, ಪಾಡ್ದನ, ಅಂದ್ರೆ ದೈವದ ಕತೆಯ ತುಳು ಹಾಡು, ಶುರುವಾದ್ರೆ ನೂರಾರು ಹೆಂಗಸರು ಒಟ್ಟಿಗೆ ತೂಗ್ಲಿಕ್ಕೆ, ನಡುಗ್ಲಿಕ್ಕೆ ಶುರು. ಆಗ ಕುಮಾರ, ಅಂದ್ರೆ ಸಿರಿಯ ಮಗನ ಆವೇಶ ಬಂದ ಪಾತ್ರಿ, ಬಂದು ಹಾಡ್ತಾ ಕೇಳುದು, ಯಾರು ನೀನು, ಎಂತಕ್ಕೆ ಬಂದದ್ದು ಅಂತ. ಮೊದಲ ವರ್ಷ ದೊಡ್ಡಮ್ಮ ಬಾಯಿ ಬಿಡ್ಲಿಲ್ಲ. ಗಂಡ, ಅತ್ತೆ ಎಲ್ಲ ಅಲ್ಲೇ ನಿಂತಿದ್ರು, ಅವರನ್ನೂ ಕೇಳಿದ್ರಂತೆ, ಮನೆಯಲ್ಲಿ ಇವಳನ್ನು ಹೇಗೆ ನೋಡ್ಕೊಳ್ತೀರಿ ಅಂತ. ಎರಡನೇ ವರ್ಷ ನಾನು ಸೊನ್ನೆ ಅಂತ ಹೇಳಿದ್ರು. ಸೊನ್ನೆ ಸಿರಿಯ ಮಗಳು. ಸಿರಿ ಅಂದ್ರೆ ಗಂಡನ ಅನ್ಯಾಯ ಸಹಿಸದೆ ಅವನನ್ನೇ ಬಿಟ್ಟು ಬಂದವಳು, ಗೊತ್ತುಂಟಲ್ಲ. 1990ರಲ್ಲಿ ಉಜಿರೆ ಹತ್ತಿರದ ಗೋಪಾಲ ನಾಯ್ಕರು ಈ ಕತೆಯನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ತಂಡದವರಿಗೆ ಹಾಡಿದಾಗ 15,683 ಸಾಲು ಆಗಿತ್ತು!

ನನಗೆ ಕಾಣುವ ವ್ಯತ್ಯಾಸ ಇಷ್ಟೇ, ಕುಣಿತ ಮೈ ಬಿಡಿಸ್ಲಿಕ್ಕೆ ಮಾತ್ರ, ಕೆಲಸ ಮಾಡುದು ಆ ಪ್ರಶ್ನೆ. ಅದನ್ನು ಮನೆಯವರ ಎದುರು ಕೇಳ್ತಾರೆ, ಮುಂದಿನ ವರ್ಷ ಅದೇ ಕುಮಾರ ಅದೇ ಜಾಗದಲ್ಲಿ ಇರ್ತಾರೆ. ಭಾನುವಾರ ಸಂಜೆ ಟೆಂಟ್ ಬಿಚ್ಚುವವರ ಹತ್ತಿರ ಅದು ಸಿಗುದಿಲ್ಲ ಮಾರಾಯ್ರೆ.

ಬಾವಿ ಅಂದದ್ದಕ್ಕೆ ಸ್ವಲ್ಪ ಮೈ ಜುಂ ಅಂತು. ಅದೇ ಕತೆಯಲ್ಲಿ ಅಬ್ಬಗ ದಾರಗ ಅಂತ ಅವಳಿಗಳು ಚೆನ್ನೆ (ಮಣೆಯ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಆಟ) ಆಡ್ತಾ ಜಗಳ ಆಗಿ ಒಬ್ಬಳು ಇನ್ನೊಬ್ಬಳನ್ನು ಮಣೆಯಲ್ಲಿ ಹೊಡೆದು ಕೊಂದು ತಾನೂ ಬಾವಿಗೆ ಹಾರುದು. ಈಗಲೂ ನಮ್ಮಲ್ಲಿ ಅಕ್ಕ ತಂಗಿ ಒಟ್ಟಿಗೆ ಚೆನ್ನೆ ಆಡ್ಲಿಕ್ಕೆ ಬಿಡುದಿಲ್ಲ. ನಿಮ್ಮ ಬಾವಿಗೂ ಇದಕ್ಕೂ ಸಂಬಂಧ ಕಟ್ಬೇಡಿ, ನೆನಪಾಯ್ತು ಹೇಳಿದೆ ಅಷ್ಟೆ.

ಧಾರವಾಡದಾಕಿ:
ನಾ ಸೈಕಾಲಜಿ ಕಲಿತಾಕಿ, ಡಾಕ್ಟರ್ ಅಲ್ರಿ. ಮೂರೂವರಿ ನಾಲ್ಕಕ್ಕ ಎಚ್ಚರಾಗೂದು ವಿಚಿತ್ರ ಏನಲ್ಲ, ಕನಸು ಹೆಚ್ಚು ಬೀಳೂ ನಿದ್ದಿ ಬೆಳಗಿನ ಜಾವಕ್ಕ ಉದ್ದ ಆಗ್ತದ. ಗುಡಿ ಗುಂಡಾರ ಅಂತ ನಾ ಮೂಗು ಮುರ್ಯಾಕಿ ಅಲ್ಲ, ನಿಮ್ಹಾನ್ಸ್‌ನವರು ತಮಿಳುನಾಡಿನ ಒಂದು ಗುಡಿಯೊಳಗ ಉಳಕೊಂಡಿದ್ದ, ಮಾನಸಿಕ ಬ್ಯಾನಿ ಇದ್ದ 31 ಮಂದಿ ಮ್ಯಾಲೆ ಅಧ್ಯಯನ ಮಾಡಿ 2002ರಾಗ ಪ್ರಕಟಿಸಿದ್ರು, ಲಕ್ಷಣ ಹತ್ರ ಹತ್ರ 20 ಪರ್ಸೆಂಟ್ ಕಡಿಮಿ ಆಗಿತ್ತು. ಆದ್ರ ಅವರು ಸರಾಸರಿ ಆರು ವಾರ ಇದ್ರು, ಎರಡು ದಿನ ಅಲ್ಲ.

ರೊಕ್ಕ ಖರ್ಚಿಲ್ಲದ ಒಂದು ಉಪಾಯ ಹೇಳ್ತೇನಿ. ಹಗಲಿನ್ಯಾಗ ಕನಸು ಬರಕೊಳ್ರಿ, ಮುಕ್ತಾಯ ನಿಮಗ ಬೇಕಾದಂಗ ಬದಲಿಸ್ರಿ, ಆ ಹೊಸಾದನ್ನ ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡ್ರಿ. ಕೆಟ್ಟ ಕನಸಿಗೆ ಥೆರಪಿಸ್ಟ್‌ಗಳು ಇದನ್ನ ಮಾಡಸ್ತಾರ. ಕುಣೀಬೇಕನಸಿದ್ರ ಮನಿಯಾಗ ಬಾಗಲಾ ಹಾಕ್ಕೊಂಡು ಕುಣೀರಿ, ಯಾರ್ ಬ್ಯಾಡಂತಾರ. ಫಿಟ್ಸ್ ಇದ್ದವರು, ಬೈಪೋಲಾರ್ ಇದ್ದವರು, ಇಲ್ಲದ ದನಿ ಕೇಳೂ ತ್ರಾಸಿದ್ದವರು ಮಾತ್ರ ರಾತ್ರಿಯೆಲ್ಲ ನಿದ್ದಿಗೆಟ್ಟು ಮಾಡೂ ಇಂಥಾದಕ್ಕ ಹೋಗಬಾರ್ದು. ಭಾಳ ಭಾರ ಅನಸಿದ್ರ 14416 ಟೆಲಿ ಮಾನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ.

ನಿದ್ದೆಗೆಟ್ಟವಳು:
ಎಲ್ರಿಗೂ ಥ್ಯಾಂಕ್ಸ್, ಬುಕ್ ಮಾಡ್ಲಿಲ್ಲ. ನಿನ್ನೆ ಬರೆಯೋಕೆ ಕೂತೆ. ಬಾವಿಗೆ ನೀರು ತುಂಬಿಸೋಣ ಅನ್ಕೊಂಡೆ, ಆದ್ರೆ ಕೈ ಏನ್ ಬರೀತು ಅಂದ್ರೆ ಕರೆದಾಗ ನಾನು "ಆ, ಬಂದೆ" ಅಂದೆ ಅಂತ. ಕೊನೇ ವಾರ ಆಸ್ಪತ್ರೇಲಿ ಅಮ್ಮ ಕರೆದಾಗ ನಾನು ಕಾರಿಡಾರಲ್ಲಿ ಕಾಲ್‌ನಲ್ಲಿದ್ದೆ, ಒಂದ್ನಿಮಿಷ ಅಂದಿದ್ದೆ. ಇದನ್ನ ಮನೇಲೂ ಯಾರಿಗೂ ಹೇಳಿಲ್ಲ. ಕಾರ್ಕಳದವ್ರೇ, ಆ ಜಾತ್ರೆಗೆ ನಮ್ಮಂಥೋರು ಸುಮ್ನೆ ನೋಡೋಕೆ ಬರಬಹುದಾ?

ಕಾರ್ಕಳದವ:
ಬನ್ನಿ, ಯಜಮಾನ್ರನ್ನೂ ಕರ್ಕೊಂಡು. ಮೊಬೈಲ್ ತೆಗೆದು ಹೆಂಗಸರ ವಿಡಿಯೋ ಮಾತ್ರ ಮಾಡ್ಬೇಡಿ, ದೊಡ್ಡಮ್ಮನಿಗೆ ಆಗುದಿಲ್ಲ.