ಗ್ರಂಥಾಲಯ ಕೈಪಿಡಿಯಲ್ಲಿ ‘ನಿರ್ವಹಣೆ’ ಮತ್ತು ‘ವಿಪತ್ತು’: ಬಳಕೆಯ ಬಗ್ಗೆ

ಮಾನ್ಯರೇ,

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರಿಗಾಗಿ, ಕಟ್ಟಡವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವ ಹಾಗೂ ನೀರು, ಬೆಂಕಿಯ ಅಪಾಯಕ್ಕೆ ಮೊದಲೇ ಅಣಿಯಾಗಿರುವ ಕ್ರಮಗಳನ್ನು ತಿಳಿಸುವ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಎರಡು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ನಿರ್ವಹಣೆ’. ಟೆಂಡರು ಪ್ರಕಟಣೆಗಳಲ್ಲಿ ‘ಕಟ್ಟಡ ನಿರ್ವಹಣೆ’ ಎಂದರೆ ಸುಣ್ಣಬಣ್ಣ, ಸೋರಿಕೆ ತಡೆ, ವೈರಿಂಗ್ ದುರಸ್ತಿ. 2005ರ ಕಾಯ್ದೆಯ ಹೆಸರಿನಲ್ಲಿರುವ ‘ವಿಪತ್ತು ನಿರ್ವಹಣೆ’ಯಲ್ಲಾದರೋ ಅದಕ್ಕೆ ನಿಭಾಯಿಸುವುದೆಂಬ ಅರ್ಥ. ಬೇರೆ ಬೇರೆ ಕಡತಗಳಲ್ಲಿದ್ದರೆ ತೊಂದರೆಯಿಲ್ಲ, ಒಂದೇ ಪುಟದಲ್ಲಿ ‘ನಿರ್ವಹಣಾ ವೆಚ್ಚ’ ಎಂದು ಬರೆದರೆ ಯಾವುದರ ವೆಚ್ಚವೆಂಬ ಪ್ರಶ್ನೆ ಏಳುತ್ತದೆ. ‘ಸಂರಕ್ಷಣೆ’ ಹಸ್ತಪ್ರತಿಗಳಿಗೆ ಮೀಸಲಾದಂತಿದೆ. ‘ಜೀರ್ಣೋದ್ಧಾರ’ ದೇವಸ್ಥಾನದ ಕಡೆಗೆ ಎಳೆಯುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಒಡೆದ ಹಂಚು ತೆಗೆದು, ಜರುಗಿದ್ದನ್ನು ಸರಿಯಾಗಿ ಕೂರಿಸಿ, ಸಂದಿಯ ತರಗೆಲೆ ಬಳಿದು ತೆಗೆಯುವುದಕ್ಕೆ ‘ಹಂಚು ಕೈಯಾಡಿಸುವುದು’ ಎನ್ನುತ್ತಾರೆ. ಕೆಡುವ ಮೊದಲೇ ಮಾಡುವ ಕೆಲಸವೆಂಬುದು ಇದರಲ್ಲಿ ತಾನಾಗಿಯೇ ಬಂದಿದೆ, ‘ದುರಸ್ತಿ’ಯಲ್ಲಿ ಅದಿಲ್ಲ, ಆದರೆ ಆರ್‌ಸಿಸಿ ಚಾವಣಿಗೆ ಈ ಮಾತು ಹೊಂದದು. ಸದ್ಯಕ್ಕೆ ‘ಕಟ್ಟಡ ಪಾಲನೆ’ ಎಂದು ಬರೆದಿದ್ದೇನೆ. ಕಿವಿಗೆ ಒಪ್ಪುತ್ತದೆಯೇ?

ಎರಡನೆಯದು ‘ವಿಪತ್ತು’. 1966ರ ನವೆಂಬರಿನಲ್ಲಿ ಇಟಲಿಯ ಆರ್ನೋ ನದಿ ಉಕ್ಕಿ ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರುನೀರು ನುಗ್ಗಿದ್ದನ್ನೂ 2018ರ ಕೊಡಗಿನ ಭೂಕುಸಿತವನ್ನೂ ವಿಪತ್ತೆನ್ನಲು ಯಾರ ತಕರಾರೂ ಇರಲಾರದು. ಆದರೆ ಊರಿನ ಗ್ರಂಥಾಲಯದಲ್ಲಿ ಆಗುವುದು ಸಾಮಾನ್ಯವಾಗಿ ಇಷ್ಟೇ: ಚಾವಣಿಯ ನೀರಿಳಿಯುವ ಕೊಳವೆಗೆ ಎಲೆ ಸಿಕ್ಕಿಕೊಂಡು, ನೀರು ನಿಂತು, ಗೋಡೆಗೊರಗಿಸಿದ ಒಂದು ಕಪಾಟು ನೆನೆಯುತ್ತದೆ. ಅಷ್ಟಕ್ಕೇ 48 ಗಂಟೆಗಳಲ್ಲಿ ಬೂಷ್ಟು ಹಿಡಿಯಲಾರಂಭಿಸಬಹುದು. ನುಣುಪು ಕಾಗದದ ಪುಟಗಳಂತೂ ಒದ್ದೆಯಾಗಿ ಹಾಗೆಯೇ ಒಣಗಿದರೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತವೆ. ಇದಕ್ಕೆ ‘ವಿಪತ್ತು’ ಎಂಬ ಶೀರ್ಷಿಕೆ ಕೊಟ್ಟರೆ, ಅದು ತಹಶೀಲ್ದಾರರ ಕೆಲಸವೆಂದು ಮೇಲ್ವಿಚಾರಕರು ಪುಟ ಮಗುಚಿಬಿಟ್ಟಾರು. ‘ಅನಾಹುತ’ವೆಂದರೆ ಎಲ್ಲ ಕೈಮೀರಿದ ಮೇಲಿನ ಮಾತು. ಪತ್ರಿಕೆಗಳು ‘ಅವಘಡ’ವನ್ನು ಬೆಂಕಿಗೂ ರಸ್ತೆಗೂ ಕಟ್ಟಿಹಾಕಿವೆಯಾದರೂ ನನ್ನ ಒಲವು ಅದರ ಕಡೆಗೇ ಇದೆ.

ಆದರೆ ‘ಅವಘಡ ಸಿದ್ಧತೆ’ ಎಂದರೆ ಅವಘಡ ಮಾಡಲು ಹೊರಟಂತೆ ಕೇಳಿಸುತ್ತದೆ. ‘ಮುನ್ನೆಚ್ಚರಿಕೆ’ ಅದು ಆಗದಂತೆ ತಡೆಯುವುದನ್ನಷ್ಟೇ ಹೇಳುತ್ತದೆ. ಪ್ಲಾಸ್ಟಿಕ್ ಹೊದಿಕೆ, ಒದ್ದೆ ಹೀರುವ ಒತ್ತುಕಾಗದ, ಮೊದಲು ಹೊರಸಾಗಿಸಬೇಕಾದ ದಾಖಲೆಗಳ ಪಟ್ಟಿ, ಕರೆ ಮಾಡಬೇಕಾದವರ ದೂರವಾಣಿ ಸಂಖ್ಯೆ, ಇವನ್ನೆಲ್ಲ ಕೈಗೆಟುಕುವಂತೆ ಇಟ್ಟುಕೊಂಡಿರುವ ಸ್ಥಿತಿಗೆ ‘ಮುನ್‌ಸಿದ್ಧತೆ’ ಸಾಕೇ, ಅಥವಾ ನಿಮ್ಮ ಕಡೆ ಇದಕ್ಕಿಂತ ರೂಢಿಯ ಮಾತಿದೆಯೇ?